ಅಜ್ಜಿಯ ಸಿಗಡಿ, ತಾತನ ಮೂರು ನೀರು

“ಅಡುಗೆಮನೇಲಿ ಸಿಗಡಿಗೆ ಇರೋದು ಒಂದೇ ಜಾಗ ಮಾವ, ಬಾಣಲೆ,” ಎಂದಳು ಸೊಸೆ. ಒಲೆಯ ಪಕ್ಕದ ಕಟ್ಟೆಯ ಮೇಲಿದ್ದ ಗಾಜಿನ ತೊಟ್ಟಿಯನ್ನು ಸೊಂಟ ಕೊಟ್ಟು ಸರಿಸಲು ನೋಡಿದಳು. ಅದು ಜಪ್ಪಯ್ಯ ಅಂದರೂ ಜರುಗದಿದ್ದಾಗ ಈರುಳ್ಳಿ ಹೆಚ್ಚುವ ಮಣೆಯನ್ನೇ ಎತ್ತಿಕೊಂಡು ಊಟದ ಮೇಜಿನತ್ತ ನಡೆದಳು.

“ಮೆತ್ತಗೆ ಹೇಳು, ಅವಕ್ಕೂ ಕೇಳುತ್ತೆ,” ಎಂದರು ಗಂಜಿ ತಾತ.

“ಕೇಳಲಿ ಅಂತಾನೇ ಹೇಳಿದ್ದು. ಆ ಮೂಲೇಲಿ ನನ್ನ ಉಪ್ಪಿನ ಡಬ್ಬಿ ಇತ್ತು, ಬ್ರೆಡ್ಡಿನ ಪೆಟ್ಟಿಗೆ ಇತ್ತು, ನಾನಿದ್ದೆ. ಈಗ ಅಲ್ಲಿ ಇವುಗಳ ಸಂಸಾರ.”

“ಪ್ಲಗ್ಗು ಅಲ್ಲೊಂದೇ ಕಡೆ ಖಾಲಿ ಇರೋದು ಅಂತ ನಿನ್ನ ಗಂಡನೇ ಹೇಳಿದ್ದು.”

“ನನ್ನ ಗಂಡ ಅಡುಗೆಮನೆಗೆ ಬರೋದು ನೀರು ಕುಡಿಯೋಕೆ. ಪ್ಲಗ್ಗು ಎಲ್ಲೆಲ್ಲಿದೆ ಅಂತ ಅವರಿಗೇನು ಗೊತ್ತು!”

ಮೇಜಿನ ಬಳಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮಗ ತಲೆ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಬೆಣ್ಣೆಯನ್ನು ಬ್ರೆಡ್ಡಿನ ನಾಲ್ಕೂ ಮೂಲೆಗೆ ತಲುಪಿಸುವುದರಲ್ಲಿ ಮುಳುಗಿಹೋಗುವುದು ಅವನ ಹಳೆಯ ಅಭ್ಯಾಸ.

ಗಂಜಿ ತಾತನಿಗೆ ಆ ಹೆಸರು ಬಿದ್ದು ಎಷ್ಟು ಕಾಲವಾಯಿತೋ ಅವರಿಗೇ ನೆನಪಿಲ್ಲ. ಅವರು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರು, ತೊಟ್ಟವನ ಕುತ್ತಿಗೆ ಬಗ್ಗಿದರೂ ತಾನು ಬಗ್ಗುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಅವರ ಲಾಂಡ್ರಿ. ಒಳಗಿನ ಕೋಣೆಯಲ್ಲಿ ಉಗಿ, ಸೋಪು, ತಾತ. ಮುಂದಿನ ಕೋಣೆಯಲ್ಲಿ ಮಡಿಸಿಟ್ಟ ಬಟ್ಟೆ, ಗಲ್ಲೆ, ಅಜ್ಜಿ. ಬಟ್ಟೆ ತಾತನ ಪಾಲಿಗೆ, ಮಾತು ಅಜ್ಜಿಯ ಪಾಲಿಗೆ. ಊರು ಬಿಟ್ಟು ಹೊರಟ ಒಬ್ಬ ಗಿರಾಕಿ ತನ್ನ ಕೊನೆಯ ಗಂಟು ಒಯ್ಯಲು ಬಂದಾಗ ಈ ಗಾಜಿನ ತೊಟ್ಟಿಯನ್ನೂ ಹೊತ್ತು ತಂದಿದ್ದ. ಒಳಗೆ ಕೆಂಪು ಸಿಗಡಿಗಳು, ಒಂದೊಂದೂ ಕಿರುಬೆರಳ ಉಗುರಿಗಿಂತ ಕೊಂಚ ಉದ್ದ. “ಇವು ತಿನ್ನೋದಕ್ಕಲ್ಲಮ್ಮ, ಸಾಕೋದಕ್ಕೆ. ಪಾಚಿ ತಿಂದ್ಕೊಂಡು ಇರ್ತವೆ,” ಎಂದಿದ್ದ. ಬೇಡ ಅನ್ನುವುದು ಅಜ್ಜಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಗಲ್ಲೆಯ ಪಕ್ಕ ತೊಟ್ಟಿ ಕೂತಿತು. ಅಪ್ಪ ಅಮ್ಮಂದಿರ ಜೊತೆ ಬಂದ ಮಕ್ಕಳು ಅದಕ್ಕೆ ಮೂಗು ಒತ್ತಿ ನಿಲ್ಲುತ್ತಿದ್ದವು, ಮಡಿಸಿಟ್ಟ ಬಿಳಿ ಬಟ್ಟೆಗೆ ಕೈ ಹಾಕುವುದು ತಪ್ಪಿತು. ಅಷ್ಟರಮಟ್ಟಿಗೆ ತಾತನೂ ಅದಕ್ಕೆ ಒಪ್ಪಿದ್ದರು.

ಒಪ್ಪದೆ ಇದ್ದದ್ದು ಹಿಂದಿನ ಗಾಜಿನ ಹಸಿರಿಗೆ. “ಲಾಂಡ್ರಿ ಅಂತ ಬೋರ್ಡು ಹಾಕ್ಕೊಂಡು ಗಲ್ಲೆ ಮೇಲೆ ಪಾಚಿ ಇಟ್ಕೊಂಡಿದೀಯಲ್ಲ, ಬಂದವರು ಏನಂದ್ಕೊಳ್ತಾರೆ?” ಎಂದು ತಾತ ಒಳಗಿನಿಂದ ಕೂಗುತ್ತಿದ್ದರು. “ಮುಂದಿನ ಗಾಜು ಗಿರಾಕಿಗೆ, ಹಿಂದಿನದು ಅವಕ್ಕೆ. ನೀವು ನಿಮ್ಮ ಕಾಲರು ನೋಡ್ಕೊಳ್ಳಿ,” ಎನ್ನುತ್ತಿದ್ದಳು ಅಜ್ಜಿ. ಇದು ಒಂದು ದಿನದ ಜಗಳವಲ್ಲ. ಚಹಾ ಕುಡಿದಷ್ಟೇ ನಿಯಮವಾಗಿ ನಡೆಯುತ್ತಿದ್ದ ಜಗಳ.

ಅಜ್ಜಿ ಹೋಗಿ ಒಂದು ವರ್ಷ ತಾತ ಅಂಗಡಿಯನ್ನು ಹೇಗೋ ಎಳೆದರು. ಮನೆಮನೆಗೆ ಮಷೀನು ಬಂದಿತ್ತು, ಇಸ್ತ್ರಿಯೇ ಬೇಡದ ಬಟ್ಟೆ ಬಂದಿತ್ತು. ಸ್ವಂತ ಮಗನೇ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಹೊದಿಕೆ ಒಗೆಯುವ ಯಂತ್ರಗಳಿಗೆ ಮೇಲ್ವಿಚಾರಕ. ಕೊನೆಗೆ ಒಂದು ದಿನ ಅಂಗಡಿಯ ಬೀಗದ ಕೈ ಕಟ್ಟಡದವರಿಗೆ ಹೋಯಿತು. ಮೇಜು, ಕಪಾಟು, ಗಲ್ಲೆ ಯಾರ ಯಾರ ಪಾಲೋ ಆದವು. ತಾತ ಮನೆಗೆ ತಂದದ್ದು ಎರಡೇ: ತಮ್ಮ ಇಸ್ತ್ರಿಪೆಟ್ಟಿಗೆ, ಅಜ್ಜಿಯ ಸಿಗಡಿ.

ಇಸ್ತ್ರಿಪೆಟ್ಟಿಗೆ ಅಟ್ಟ ಸೇರಿತು. ಸಿಗಡಿಗಳು ಮಾತ್ರ ಉಸಿರಾಡುವ ಜೀವಗಳು. ಅಜ್ಜಿಯ ಸೀರೆ, ಕನ್ನಡಕ, ಬಾಚಣಿಗೆ ಎಲ್ಲ ಇದ್ದ ಹಾಗೇ ಇದ್ದವು. ಅವಳು ಇದ್ದಾಗ ಇದ್ದ ಹಾಗೆ ಓಡಾಡಿಕೊಂಡಿದ್ದದ್ದು ಇವು ಮಾತ್ರ. ತಾತ ಇದನ್ನು ಯಾರಿಗೂ ಹೇಳಲಿಲ್ಲ. ಮೊಮ್ಮಗಳಿಗೆ ಮಾತ್ರ ಒಂದು ಸಲ, “ಇವನ್ನ ಹಾಳು ಮಾಡಿದ್ರೆ ನಿಮ್ಮಜ್ಜಿ ಬಿಡ್ತಾಳಾ ನನ್ನ?” ಎಂದಿದ್ದರು.

*

ಒಬ್ಬರೇ ಅಂಗಡಿ ಎಳೆಯುತ್ತಿದ್ದಾಗ ತಾತನಿಗೆ ತೊಟ್ಟಿಗೆ ಕೈ ಹಾಕಲು ಪುರಸೊತ್ತಿರಲಿಲ್ಲ, ಈಗ ಸಿಕ್ಕಿತು. ಹಾಳಾಗದಿರಲಿ ಎಂದು ಅವರು ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು.

ಬೆಳಗ್ಗೆ ಸೊಸೆ ಸ್ನಾನಕ್ಕೆ ಹೋದದ್ದೇ ತಡ, ತಾತ ತೋಳು ಮಡಿಸಿ ನಿಲ್ಲುತ್ತಿದ್ದರು. ಮೊದಲು ಚಹಾ ಸೋಸುವ ಜಾಲರಿಯಿಂದ ಸಿಗಡಿಗಳನ್ನೆಲ್ಲ ಒಂದು ಬಟ್ಟಲಿಗೆ ಎತ್ತುವುದು. ಆಮೇಲೆ ತೊಟ್ಟಿ ಖಾಲಿ. ಒಳಗಿದ್ದ ಕಲ್ಲುಗಳಿಗೆ ಕುದಿನೀರು. ಅಜ್ಜಿ ಬಿಟ್ಟಿದ್ದ ಹಸಿರು ಹಾವಸೆಯ ಗೊಂಚಲನ್ನು ಕಾಲುಚೀಲದ ಹಾಗೆ ಹಿಂಡಿ ಒದರುವುದು. ಹಿಂದಿನ ಗಾಜನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುವುದು. ಸೋಪು ಮಾತ್ರ ತಾಗಿಸಲಿಲ್ಲ, ಅಷ್ಟು ತಿಳಿವಳಿಕೆ ಅವರಿಗಿತ್ತು. ಕಡೆಯಲ್ಲಿ ಮೂರು ನೀರು. ಇದು ಅವರ ಕಸುಬಿನ ಕಟ್ಟಳೆ: ಮೊದಲ ನೀರು ಕೊಳೆಗೆ, ಎರಡನೇ ನೀರು ಕೊಳೆಯ ನೆನಪಿಗೆ, ಮೂರನೇ ನೀರು ಮನಸ್ಸಿನ ಸಮಾಧಾನಕ್ಕೆ. ಮೂರೂ ಆದಮೇಲೆ ನಲ್ಲಿಯಿಂದ ಹೊಸ ನೀರು ತುಂಬಿ, ಬಟ್ಟಲಿನ ಸಿಗಡಿಗಳನ್ನು ಸುರಿಯುತ್ತಿದ್ದರು.

“ಏನಪ್ಪಾ ಇದು, ಒಳಗೆ ನೀರಿದೆಯೋ ಇಲ್ಲವೋ ಅಂತಾನೇ ಗೊತ್ತಾಗಲ್ಲ!” ಎಂದ ಮಗ.

“ಗೊತ್ತಾಗಬಾರದು. ಅದೇ ಒಗೆತ,” ಎಂದರು ತಾತ. ಅಂಗಡಿ ಮುಚ್ಚಿದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ಕಂಡದ್ದು ಅದೇ ಮೊದಲು.

“ಚಹಾದಲ್ಲಿ ಏನೋ ವಾಸನೆ,” ಎಂದಳು ಸೊಸೆ, ಲೋಟವನ್ನು ಮೂಗಿನ ಹತ್ತಿರ ಹಿಡಿದು. ತಾತ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಮೊದಲು ಗಮನಿಸಿದವಳು ಮೊಮ್ಮಗಳು. ಕಾಲೇಜಿಗೆ ಹೊರಡುವ ಮೊದಲು ಅವಳಿಗೆ ತೊಟ್ಟಿಯ ಮುಂದೆ ನಿಂತು ಜಡೆ ಹಾಕಿಕೊಳ್ಳುವ ರೂಢಿ. “ತಾತ, ಕಡಿಮೆ ಆಗಿದಾವಲ್ವಾ?”

“ಬಚ್ಚಿಟ್ಟುಕೊಂಡಿರ್ತವೆ.”

“ಎಲ್ಲಿ? ಬಚ್ಚಿಟ್ಕೊಳ್ಳೋಕೆ ಅಲ್ಲೇನಿದೆ? ಆಪರೇಷನ್ ಥಿಯೇಟರ್ ಥರ ಇದೆ.”

ಬಚ್ಚಿಟ್ಟುಕೊಂಡಿರಲಿಲ್ಲ. ಒಂದು ವಾರದಲ್ಲಿ ಕೆಲವು, ಮುಂದಿನ ವಾರದಲ್ಲಿ ಇನ್ನಷ್ಟು, ಬಣ್ಣ ಬಿಟ್ಟು ಮಾಸಿ ಅಡ್ಡ ಬೀಳತೊಡಗಿದವು. ತಾತ ಬೆಳಗ್ಗೆ ಅವನ್ನು ಎತ್ತಿ ಹೂಕುಂಡದ ಮಣ್ಣಿಗೆ ಸೇರಿಸುತ್ತಿದ್ದರು. ಉಳಿದವುಗಳಿಗಾದರೂ ಒಳ್ಳೆಯದಾಗಲೆಂದು ಅವರು ನಾಲ್ಕನೇ ನೀರನ್ನೂ ಹಾಕಲು ಶುರುಮಾಡಿದರು.

*

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಎಲ್ಲರೂ ಕೂತಿದ್ದರು. ತಾತ ಮೊಟ್ಟೆಯ ಸಿಪ್ಪೆ ಸುಲಿಯುತ್ತ, ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲೇ ಬಿಟ್ಟು, “ಬೇಸಿನ್ ಕೆಳಗೆ ಒಂದು ಡಬ್ಬಿ ಇದೆಯಲ್ಲ,” ಎಂದರು.

“ಯಾವ ಡಬ್ಬಿ?” ಎಂದಳು ಸೊಸೆ.

“ಜಿರಳೆಗೆ ಹೊಡೀತೀಯಲ್ಲ, ಬುಸ್ ಅಂತ.”

“ಅದಕ್ಕೇನೀಗ?”

“ಜಿರಳೆ ಸಾಯೋ ಗಾಳಿಗೆ ಸಿಗಡಿ ಬದುಕುತ್ತಾ?”

ಮಗ ಆಲೂಗಡ್ಡೆಯನ್ನು ಸಣ್ಣ ಸಣ್ಣ ಚೂರು ಮಾಡತೊಡಗಿದ.

“ಅಂದ್ರೆ ನಾನು ಕೊಂದೆ ಅಂತೀರಾ ಮಾವ?”

“ನಾನು ಹಾಗಂದೆನಾ?”

“ಇನ್ನು ಹೇಗಂತಾರೆ ಹಾಗಂತ? ತೊಟ್ಟಿ ಬಂದಾಗಿಂದ ಆ ಡಬ್ಬೀನ ನಾನು ಮುಟ್ಟಿಲ್ಲ. ಜಿರಳೆಗಳು ನನ್ನ ತಟ್ಟೆ ಮೇಲೆ ಮೆರವಣಿಗೆ ಹೋಗ್ತಿವೆ, ಆದ್ರೂ ಮುಟ್ಟಿಲ್ಲ. ಯಾಕೆ ಹೇಳಿ? ಅತ್ತೇದು ಅಂತ.”

“ಮೊದಲ ದಿನದಿಂದ ನಿನಗೆ ಅದು ಬೇಡವಾಗಿತ್ತು. ಬಾಣಲೆಗೆ ಹಾಕ್ತೀನಿ ಅಂದವಳು ನೀನೇ ತಾನೆ?”

“ಅಪ್ಪ,” ಎಂದ ಮಗ.

“ನೀನು ಸುಮ್ನಿರು,” ಎಂದರು ತಾತನೂ ಸೊಸೆಯೂ ಒಟ್ಟಿಗೇ.

ಸೊಸೆ ಎದ್ದಳು. ತನ್ನ ತಟ್ಟೆ ತೊಳೆದಳು, ಒರೆಸಿದಳು, ಕಪಾಟಿನಲ್ಲಿಟ್ಟಳು. ಬೇಸಿನ್ ಕೆಳಗಿನ ಡಬ್ಬಿಯನ್ನು ತೆಗೆದು ಮೆಟ್ಟಿಲಿಳಿದು ಹೋಗಿ ಬೀದಿಯ ಕಸದ ತೊಟ್ಟಿಗೆ ಎಸೆದು ಬಂದಳು. ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ.

ಅವಳು ದಿನಸಿ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವವಳು. ಹಗಲೆಲ್ಲ ಮಾತಾಡಿ ಬಂದವಳು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡರೆ ಆ ಮೌನಕ್ಕೆ ತೂಕ ಹೆಚ್ಚು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ತಾತನ ತಟ್ಟೆಯಲ್ಲಿ ಉಪ್ಪು ಖಾರ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಅದೇ ಅವರಿಗೆ ಹೆಚ್ಚು ಚುಚ್ಚುತ್ತಿತ್ತು.

“ತಾತಂಗೆ ಹೇಳು, ಊಟ ಆರ್ತಿದೆ ಅಂತ.”

“ನಿಮ್ಮಮ್ಮಂಗೆ ಹೇಳು, ನನಗೆ ಕಿವಿ ಕೇಳುತ್ತೆ ಅಂತ.”

“ನಾನೇನು ಪೋಸ್ಟ್ ಆಫೀಸಾ?” ಎಂದಳು ಮೊಮ್ಮಗಳು. “ಸ್ಟಾಂಪ್ ಹಚ್ಚಿ ಇಬ್ರೂ.”

ಡಬ್ಬಿ ಹೋದಮೇಲೂ ಸಿಗಡಿಗಳು ಹೋಗುವುದು ನಿಲ್ಲಲಿಲ್ಲ. ಒಂದು ಬೆಳಗ್ಗೆ ತಾತ ಜಾಲರಿ ಹಿಡಿದು ನಿಂತರೆ ಎತ್ತಲು ಏನೂ ಉಳಿದಿರಲಿಲ್ಲ. ಫಳಫಳ ಗಾಜು, ಫಳಫಳ ನೀರು, ಬೆಂದು ಬಿಳಿಚಿದ ಕಲ್ಲು. ಗಾಳಿ ಬಿಡುವ ಯಂತ್ರ ಮಾತ್ರ ಬುಳುಬುಳು ಎನ್ನುತ್ತಿತ್ತು. ಅವರು ಅದನ್ನು ನಿಲ್ಲಿಸಲಿಲ್ಲ.

*

ಹೇಗಾದರೂ ಮಾಡಿ ಆ ಬುಸ್ ಡಬ್ಬಿಯದೇ ತಪ್ಪು ಎಂದು ಸಾಬೀತು ಮಾಡಬೇಕಿತ್ತು. ತಾತ ತೊಟ್ಟಿಯ ನೀರನ್ನು ಒಂದು ಬಾಟಲಿಗೆ ತುಂಬಿ, ಮೊಮ್ಮಗಳನ್ನು ಕರೆದುಕೊಂಡು, ಮೀನು ಮಾರುವ ಅಂಗಡಿಗೆ ಹೋದರು. ತಿನ್ನುವ ಮೀನಲ್ಲ, ನೋಡುವ ಮೀನು. ಅಂಗಡಿಯಾಕೆ ಬನ್ನು ತಿನ್ನುತ್ತಿದ್ದಳು. ಬಾಟಲಿಯನ್ನು ಬೆಳಕಿಗೆ ಎತ್ತಿ ನೋಡಿ ನಕ್ಕಳು.

“ಇದನ್ನ ನಾನೇ ಕುಡೀಬಹುದು ತಾತ. ಇದರಲ್ಲಿ ವಿಷ ಎಲ್ಲಿ ಬಂತು?”

“ಹಾಗಾದ್ರೆ ಯಾಕೆ ಸತ್ತವು?”

“ತೊಟ್ಟಿ ಹೇಗಿತ್ತು?”

ಮೊಮ್ಮಗಳು ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದಳು. ಅಂಗಡಿಯಾಕೆ ಬನ್ನು ಕೆಳಗಿಟ್ಟಳು.

“ಇಷ್ಟು ಕ್ಲೀನಾಗಿದ್ರೆ ಪಾಪ ಅವು ತಿಂತಿದ್ದದ್ದೇನು?”

“ಏನು ತಿಂತವೆ?”

“ಪಾಚಿ ತಾತ! ಕಲ್ಲಿನ ಮೇಲಿನ ಲೋಳೆ, ಗಾಜಿನ ಹಸಿರು. ಅದೇ ಅವುಗಳ ಅನ್ನ. ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತಿದ್ರಿ?”

“ದಿನಾ,” ಎಂದಳು ಮೊಮ್ಮಗಳು. “ಪೂರ್ತಿ. ನಾಲ್ಕು ಸಲ.”

ಅಂಗಡಿಯಾಕೆ ಬಾಟಲಿಯ ಮುಚ್ಚಳ ಗಟ್ಟಿ ತಿರುಗಿಸಿ ವಾಪಸು ಕೊಟ್ಟಳು. “ಇದೇ ಬಣ್ಣದವು ನನ್ನ ಹತ್ರ ಇವೆ. ಕೊಡ್ಲಾ?”

ಹಿಂದಿನ ಸಾಲಿನ ತೊಟ್ಟಿಯಲ್ಲಿ ಕೆಂಪು ಸಿಗಡಿಗಳು ಪುಟ್ಟ ಪುಟ್ಟ ಕೈಗಳಿಂದ ಏನನ್ನೋ ಹೆಕ್ಕಿ ಬಾಯಿಗಿಡುತ್ತಿದ್ದವು. ಥೇಟು ಅಂಥವೇ. ತಾತ ಬಗ್ಗಿ ಬಹಳ ಹೊತ್ತು ನೋಡಿದರು.

“ಬೇಡಮ್ಮ. ಇವು ಚೆನ್ನಾಗಿವೆ. ನಮ್ಮವಲ್ಲ.”

ಬರುವಾಗ ದಾರಿಯುದ್ದಕ್ಕೂ ಅವರು ಬಾಟಲಿಯನ್ನು ಕೈಯಲ್ಲೇ ಹಿಡಿದಿದ್ದರು. ಮನೆಯ ಮೆಟ್ಟಿಲ ಬಳಿ ಮೊಮ್ಮಗಳು, “ಅಮ್ಮಂಗೆ ನಾನು ಹೇಳ್ಲಾ?” ಎಂದಳು.

“ಪೋಸ್ಟ್ ಆಫೀಸು ಮುಚ್ಚಿದೆ,” ಎಂದರು ತಾತ. “ನಾನೇ ಹೇಳ್ತೀನಿ.”

*

ಹೇಳುವುದು ಸುಲಭವಾಗಿರಲಿಲ್ಲ. ಚಹಾ ಹೊತ್ತಿನಲ್ಲಿ ಬಾಯಿ ತೆರೆದರು, ಬಿಸ್ಕತ್ತು ಹಾಕಿಕೊಂಡು ಮುಚ್ಚಿದರು. ಸೊಸೆ ಬಟ್ಟೆ ಒಣಹಾಕುವಾಗ ಹಿಂದೆ ಹೋಗಿ ನಿಂತರು, ಕ್ಲಿಪ್ಪು ಎತ್ತಿಕೊಟ್ಟು ಬಂದರು. ಕೊನೆಗೆ ಅವಳು ಸೊಪ್ಪು ಬಿಡಿಸುತ್ತ ಕೂತಾಗ ಎದುರಿನ ಕುರ್ಚಿ ಎಳೆದುಕೊಂಡು ತಾವೂ ಒಂದು ಕಟ್ಟು ತೆಗೆದುಕೊಂಡರು.

“ಡಬ್ಬಿ ಅಲ್ಲ,” ಎಂದರು.

ಸೊಸೆ ದಂಟು ಮುರಿದಳು.

“ನೀನೂ ಅಲ್ಲ.”

ಇನ್ನೊಂದು ದಂಟು ಮುರಿಯಿತು.

“ನಾನೇ. ಒಗೆದುಬಿಟ್ಟೆ.”

ಅವಳು ಈಗ ತಲೆ ಎತ್ತಿದಳು. ಎಷ್ಟೋ ದಿನದ ಮೇಲೆ ನೇರವಾಗಿ ಅವರ ಮುಖ ನೋಡಿ, “ಅಂದ್ರೆ?” ಎಂದಳು.

ತಾತ ಎಲ್ಲ ಹೇಳಿದರು. ನಾರು, ಕುದಿನೀರು, ಹಾವಸೆ ಹಿಂಡಿದ್ದು. ಜಾಲರಿಯ ವಿಷಯ ಮಾತ್ರ ನುಂಗಿದರು.

“ಮೂರು ನೀರು ಹಾಕಿದ್ರಾ?”

“ಕಡೆಗೆ ನಾಲ್ಕು.”

ಸೊಸೆಯ ತುಟಿ ಅದುರಿತು. ಅಳುತ್ತಾಳೋ ಬೈಯುತ್ತಾಳೋ ತಾತನಿಗೆ ತಿಳಿಯಲಿಲ್ಲ. ಅವಳು ಎರಡನ್ನೂ ಮಾಡಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, “ಬದುಕಿರೋವನ್ನ ಯಾರಾದ್ರೂ ಒಗೀತಾರಾ ಮಾವ?” ಎಂದಳು. ಆ ಮಾತಿನಲ್ಲಿ ಸಿಟ್ಟಿಗಿಂತ ಸುಸ್ತಿತ್ತು. “ಇಷ್ಟು ದಿನ ರಾತ್ರಿಯೆಲ್ಲ ಯೋಚನೆ ಮಾಡಿದೀನಿ. ನನ್ನ ಕೈಯಲ್ಲಿ ಏನಾದ್ರೂ ಸೋಪಿತ್ತಾ, ಈರುಳ್ಳಿ ಗಾಟಿತ್ತಾ ಅಂತ.”

“ಗೊತ್ತು.”

“ಗೊತ್ತಿಲ್ಲ ನಿಮಗೆ.”

“ಸರಿ, ಗೊತ್ತಿಲ್ಲ,” ಎಂದರು ತಾತ. ಜೀವಮಾನದಲ್ಲಿ ಅವರು ಹಾಗೆ ಒಪ್ಪಿಕೊಂಡದ್ದು ಕಡಿಮೆ. ಸೊಸೆ ಬುಟ್ಟಿಯನ್ನು ಮತ್ತೆ ಎಳೆದುಕೊಂಡಳು, ಇಬ್ಬರೂ ಸೊಪ್ಪು ಬಿಡಿಸಿದರು.

“ಅವಳದು ಅಂತ ಜೀವಂತ ಇದ್ದದ್ದು ಅಷ್ಟೇ,” ಎಂದರು ತಾತ, ಸೊಪ್ಪಿಗೆ ಹೇಳಿದ ಹಾಗೆ.

ಸೊಸೆಯ ಕೈ ನಿಂತಿತು. “ಅಷ್ಟೇ ಯಾಕೆ? ಅತ್ತೆ ಎಷ್ಟು ಮನೆಗೆ ಹಂಚಿಲ್ಲ?”

“ಏನನ್ನ?”

“ಸಿಗಡೀನ! ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸೈಕಲ್ಲಲ್ಲಿ ಬಟ್ಟೆಗಂಟು ತಲುಪಿಸ್ತಿದ್ನಲ್ಲ, ಹ್ಯಾಂಡಲ್ಲಿಗೆ ಒಂದು ಜಾಮ್ ಬಾಟ್ಲಿ ನೇತು ಹಾಕಿಬಿಡೋರು. ‘ಆ ಮನೆ ಮಗು ಕೇಳಿತ್ತು, ಚೆಲ್ಲಬೇಡ’ ಅಂತ. ಒಂದು ಕೈಯಲ್ಲಿ ನಿಮ್ಮ ಗಂಜಿ ಮುದುರದ ಹಾಗೆ, ಇನ್ನೊಂದರಲ್ಲಿ ಅವರ ನೀರು ತುಳುಕದ ಹಾಗೆ. ಸರ್ಕಸ್ಸಿನವರಿಗಿಂತ ಚೆನ್ನಾಗಿ ಸೈಕಲ್ ಹೊಡೀತಿದ್ದೆ ನಾನು.”

“ನನಗೆ ಯಾವತ್ತೂ ಹೇಳಲಿಲ್ಲ ಅವಳು.”

“ನೀವು ಒಳಗಿರ್ತಿದ್ರಿ.”

*

ಹೀಗೆ ಮಾವ ಸೊಸೆ ರಜೆಯ ದಿನಗಳಲ್ಲಿ ಹುಡುಕಾಟಕ್ಕೆ ಹೊರಟರು. ತೊಡಕು ಏನೆಂದರೆ, ತಾತನಿಗೆ ಗಿರಾಕಿಗಳ ಮುಖವೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ, ಬಟ್ಟೆ ಮಾತ್ರ ಗೊತ್ತು. ಸೊಸೆಗೆ ಬಾಗಿಲುಗಳು ಗೊತ್ತು.

“ನೀಲಿ ಪಟ್ಟೆ ಅಂಗಿ. ಎಡಗಡೆ ಜೇಬಲ್ಲಿ ಯಾವಾಗಲೂ ಶಾಯಿ ಕಲೆ.”

“ಹಸಿರು ಗೇಟು, ಕಿರಿದಾದ ಮೆಟ್ಟಿಲು, ಕಚ್ಚೋ ನಾಯಿ. ಅವರ ಮಗುಗೆ ಎರಡು ಸಲ ಕೊಟ್ಟಿದ್ವಿ.”

ಹಸಿರು ಗೇಟು ಇತ್ತು. ನಾಯಿಯೂ ಇರಲಿಲ್ಲ, ನೀಲಿ ಪಟ್ಟೆಯವರೂ ಇರಲಿಲ್ಲ. ಹೊಸಬರು ಬಾಗಿಲು ಅರ್ಧ ತೆರೆದು, “ಸಿಗಡಿ ಬೇಕಾ? ಮಾರ್ಕೆಟ್ಟು ಆ ಕಡೆ,” ಎಂದು ದಾರಿ ತೋರಿಸಿದರು.

ಇನ್ನೊಂದು ವಾರ, ಕಸೂತಿಯ ಮೇಜುಬಟ್ಟೆಯ ಮನೆ. “ಅಂಚೆಲ್ಲ ಜಾಲರಿ ಜಾಲರಿ, ಒಂದು ಮೂಲೇಲಿ ಸಿಗರೇಟು ಸುಟ್ಟ ತೂತು,” ಎಂದರು ತಾತ. ಸೊಸೆ ಎರಡು ಬೀದಿ ದಾಟಿ ಮೂರನೇ ಮಹಡಿಗೆ ಕರೆದೊಯ್ದಳು. ಬಾಗಿಲು ತೆರೆದ ಮುದುಕಿ ಸೊಸೆಯನ್ನು ಕಂಡದ್ದೇ, “ಸೈಕಲ್ ಹುಡುಗಿ!” ಎಂದು ಗಲ್ಲ ಹಿಡಿದಳು. ಚಹಾ ಕೊಟ್ಟಳು, ಕೇಕು ಕೊಟ್ಟಳು. ಗಾಜಿನ ತೊಟ್ಟಿ ಕಿಟಕಿಯ ಬಳಿಯೇ ಇತ್ತು, ಉಣ್ಣೆ ದಾರದ ಉಂಡೆಗಳನ್ನು ತುಂಬಿಕೊಂಡು. “ಬೆಕ್ಕು ತಂದ್ವಿ ನೋಡಿ, ಅಲ್ಲಿಗೆ ಮುಗೀತು,” ಎಂದಳು ಮುದುಕಿ. ಸುಟ್ಟ ತೂತಿನ ಮೇಜುಬಟ್ಟೆ ಅದೇ ಮೇಜಿನ ಮೇಲಿತ್ತು. ತಾತ ಯಾರಿಗೂ ಕಾಣದ ಹಾಗೆ ಅಂಗೈಯಿಂದ ಅದರ ಸುಕ್ಕು ತೀಡಿದರು. “ನಿಮ್ಮ ಮನೆಯಾಕೆ ನನ್ನ ಬಟ್ಟೆ ಕೊಡುವಾಗ ಬಟ್ಟೆ ವಿಷಯ ಮಾತಾಡಿದ್ದೇ ಇಲ್ಲ,” ಎಂದಳು ಮುದುಕಿ. “ಮಂಡಿ ನೋವು ಹೇಗಿದೆ, ಮಗ ಕಾಗದ ಬರೆದ್ನಾ, ಇದೇ.”

ದಾರಿಯಲ್ಲಿ ತಾತ, “ಎಲ್ಲರ ಮಂಡಿ ವಿಷಯಾನೂ ಗೊತ್ತಿತ್ತು ಅವಳಿಗೆ,” ಎಂದರು.

“ನಿಮಗೆ ಎಲ್ಲರ ಮಂಡಿ ಹತ್ರದ ಕಲೆ ಗೊತ್ತಿತ್ತು,” ಎಂದಳು ಸೊಸೆ. ಇಬ್ಬರೂ ನಕ್ಕರು. ಅವಳು ಬಂದ ಹೊಸದರಲ್ಲಿ ಅಂಗಡಿಯ ಉಗಿಯಲ್ಲಿ ಕನ್ನಡಿ ಕಾಣದೆ ಬೊಟ್ಟು ಕೆನ್ನೆಗೆ ಇಟ್ಟುಕೊಂಡದ್ದು, ಅಜ್ಜಿ ಅದನ್ನು ಸರಿಮಾಡಿ “ಇದೇ ಹೊಸ ಫ್ಯಾಷನ್ನು” ಎಂದು ಗಿರಾಕಿಗಳಿಗೆ ಹೇಳಿದ್ದು, ಒಂದೊಂದೇ ನೆನಪು ಹೆಕ್ಕುತ್ತ ಬಸ್ಸು ಹಿಡಿಯುವುದನ್ನೇ ಮರೆತು ನಡೆದೇ ಮನೆ ಸೇರಿದರು.

ಬಾಟಲಿ ಹೋದ ಮನೆಗಳೆಲ್ಲ ಹೀಗೇ ಮುಗಿಯುತ್ತ ಬಂದವು. ಕೆಲವರು ಊರಲ್ಲಿಲ್ಲ, ಕೆಲವರಿಗೆ ನೆನಪಿಲ್ಲ. ಕಡೆಗೆ ತಾತ, “ಬಿಳಿ ಕೋಟು, ತೋಳಿಗೆ ಕೆಂಪು ಪಟ್ಟಿ, ಹಿತ್ತಾಳೆ ಗುಂಡಿ,” ಎಂದರು. “ಆ ಕೆಂಪು ಬಿಳಿಗೆ ಇಳಿಯದ ಹಾಗೆ ಒಗೆಯೋದು ಅಂದ್ರೆ ಹುಡುಗಾಟ ಅಲ್ಲ.”

“ಬ್ಯಾಂಡ್ ಮಾಸ್ಟರು!” ಎಂದಳು ಸೊಸೆ. “ಅವರ ಮನೇಲಿ ಮಗು ಇರಲಿಲ್ಲ. ಅವರೇ ಕೇಳಿ ಇಸ್ಕೊಂಡಿದ್ರು.”

*

ಬ್ಯಾಂಡ್ ಮಾಸ್ಟರರ ಕೋಣೆಗೆ ಕಾಲಿಡುವಾಗ ತಾತನಿಗೆ ಉಸಿರು ಹಿಡಿದುಕೊಳ್ಳುವಂತಾಯಿತು. ಕುರ್ಚಿಯ ಮೇಲೆ ಅಂಗಿಗಳು, ಅಂಗಿಗಳ ಮೇಲೆ ತುತ್ತೂರಿ, ತುತ್ತೂರಿಯ ಮೇಲೆ ಕಾಲುಚೀಲ. ಕಿಟಕಿಯ ಪಕ್ಕದಲ್ಲಿ ಒಂದು ತೊಟ್ಟಿ. ಅದರ ಗಾಜು ಎಷ್ಟು ಹಸಿರಾಗಿತ್ತೆಂದರೆ ಒಳಗೇನಿದೆ ಎಂದು ಹಣೆಗೆ ಕೈ ಹಿಡಿದು ಇಣುಕಬೇಕಿತ್ತು. ತಾತ ಇಣುಕಿದರು.

ಕೆಂಪು. ಕಲ್ಲಿನ ಮೇಲೆ, ಎಲೆಯ ಕೆಳಗೆ, ಗಾಜಿನ ಮೇಲೆ. ದೊಡ್ಡವು, ಚಿಕ್ಕವು, ಕಣ್ಣಿಗೆ ಬೀಳದಷ್ಟು ಪುಟಾಣಿಗಳು. ಎಲ್ಲವೂ ಕೈ ಬಾಯಿ ಆಡಿಸುತ್ತಲೇ ಇದ್ದವು.

“ಅತ್ತೆಯವು,” ಎಂದಳು ಸೊಸೆ, ಮೆಲ್ಲಗೆ.

“ಅವುಗಳ ಮೊಮ್ಮಕ್ಕಳ ಮೊಮ್ಮಕ್ಕಳು ಅನ್ನಿ,” ಎಂದರು ಬ್ಯಾಂಡ್ ಮಾಸ್ಟರು. “ಲಾಂಡ್ರಿ ಅಮ್ಮ ಒಂದೇ ಮಾತು ಹೇಳಿದ್ರು: ಆಗಾಗ ತಂಗಳು ನೀರು ಒಂದು ಚೊಂಬು ಸುರೀರಿ, ಇನ್ನೇನೂ ಕೈ ಹಾಕಬೇಡಿ ಅಂತ. ಅಷ್ಟು ಸುಲಭದ ಕೆಲಸ ನನಗೆ ಜೀವನದಲ್ಲಿ ಇನ್ಯಾರೂ ಕೊಡಲಿಲ್ಲ.”

“ಅಷ್ಟೇ ಹೇಳಿದ್ಲಾ?” ಎಂದರು ತಾತ.

ಬ್ಯಾಂಡ್ ಮಾಸ್ಟರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಮುರಿಯದ ಕಾಲರು, ಬ್ಲೇಡಿನಂಥ ತೋಳಿನ ಗೆರೆ. “ಒಳಗೆ ಇಸ್ತ್ರಿ ಮಾಡ್ತಿದ್ದವರು ನೀವೇ ಅಲ್ವಾ?”

“ಹೌದು.”

“ಇನ್ನೊಂದು ಮಾತೂ ಹೇಳಿದ್ರು. ಬೇಜಾರು ಮಾಡ್ಕೋಬೇಡಿ. ‘ಯಾರಿಗೆ ಬೇಕಾದ್ರೂ ಕೊಡಿ, ನಮ್ಮನೆಯವರ ಕೈಗೆ ಮಾತ್ರ ಕೊಡಬೇಡಿ. ಮೂರು ನೀರು ಹಾಕಿಬಿಡ್ತಾರೆ’ ಅಂತ.”

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಅಂಗಿಗಳ ರಾಶಿಯ ಮೇಲೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ತಾತ ತೊಟ್ಟಿಯತ್ತ ತಿರುಗಿ ನಿಂತಿದ್ದರು, ಅವರ ಹೆಗಲು ಅಲುಗುತ್ತಿತ್ತು. ತಿರುಗಿದಾಗ ನೋಡಿದರೆ ಅವರೂ ನಗುತ್ತಿದ್ದರು, ಮುಖ ಪೂರ್ತಿ ಒದ್ದೆಯಾಗಿತ್ತು.

“ಅವಳದೇ ದನಿ ಕೇಳಿದ ಹಾಗಾಯ್ತು,” ಎಂದರು.

ಆದರೂ ಬ್ಯಾಂಡ್ ಮಾಸ್ಟರು ಅಂದೇ ಕೊಡಲಿಲ್ಲ. “ನಿಮ್ಮ ತೊಟ್ಟಿ ಹೇಗಿದೆ ಈಗ?”

“ಫಳಫಳ ಅಂತಿದೆ,” ಎಂದಳು ಸೊಸೆ.

“ಅಯ್ಯೋ! ಹಸಿರಾಗಲಿ ಮೊದಲು. ಊಟ ರೆಡಿ ಇಲ್ಲದ ಮನೆಗೆ ನೆಂಟರನ್ನ ಕಳಿಸ್ತಾರಾ? ಕೊಳೆ ಬಂದ ದಿನ ಬನ್ನಿ.”

ಹೊರಡುವಾಗ ತಾತನ ಕಣ್ಣು ಬಾಗಿಲ ಮೊಳೆಗೆ ತೂಗಿದ್ದ ಬಿಳಿ ಕೋಟಿನ ಮೇಲೆ ಬಿತ್ತು. ಮುದುರಿ, ಮಾಸಿ, ಒಂದು ಗುಂಡಿ ಕಿತ್ತು. “ಅದನ್ನಾದರೂ ಕೊಡಿ,” ಎಂದರು. ದನಿ ಹೆಚ್ಚುಕಡಿಮೆ ಬೇಡುವಂತಿತ್ತು.

*

ಹೀಗೆ ತಾತನ ಮನೆಯಲ್ಲಿ ನಾಲ್ಕು ಜನ ಕೊಳೆಗಾಗಿ ಕಾಯತೊಡಗಿದರು. ಸೊಸೆ ಬ್ರೆಡ್ಡಿನ ಪೆಟ್ಟಿಗೆ, ಮಿಕ್ಸಿ, ಮಸಾಲೆ ಡಬ್ಬಿ ಎಲ್ಲ ಎತ್ತಿ ಕಿಟಕಿಯ ಕೆಳಗಿನ ಕಟ್ಟೆಯನ್ನು ಖಾಲಿ ಮಾಡಿ, ತೊಟ್ಟಿಯನ್ನು ಬಿಸಿಲಿಗೆ ಬರುವಂತೆ ಗಂಡನ ಕೈಯಲ್ಲಿ ಸರಿಸಿಸಿದಳು. ಪ್ಲಗ್ಗಿಗೆ ಉದ್ದದ ವಯರು ಬಂತು.

“ಮೊದಲೇ ಇದನ್ನ ಮಾಡಬಹುದಿತ್ತಲ್ಲ,” ಎಂದ ಮಗ.

“ಮೊದಲೇ ನೀವು ಬಾಯಿ ಬಿಡಬಹುದಿತ್ತಲ್ಲ,” ಎಂದಳು ಸೊಸೆ.

ಆಸ್ಪತ್ರೆಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ “ಬಂತಾ?” ಎನ್ನುತ್ತಿದ್ದ. “ಇನ್ನೂ ಇಲ್ಲ,” ಎನ್ನುತ್ತಿದ್ದರು ತಾತ. ಅವರ ಕೈಗಳು ತುರಿಸುತ್ತಿದ್ದವು. ಸೊಸೆ ಅಟ್ಟದಿಂದ ಇಸ್ತ್ರಿಪೆಟ್ಟಿಗೆ ಇಳಿಸಿಕೊಟ್ಟಳು. ಬ್ಯಾಂಡ್ ಮಾಸ್ಟರರ ಕೋಟು ಮುಗಿಯಿತು, ಹೋಗಿ ಇಸಿದುಕೊಂಡು ಬಂದ ಮುದುಕಿಯ ಮೇಜುಬಟ್ಟೆಯೂ ಮುಗಿಯಿತು. ಮನೆಯ ಒರೆಸುವ ಬಟ್ಟೆ, ಕರವಸ್ತ್ರ, ಕಾಲುಚೀಲ ಎಲ್ಲಕ್ಕೂ ಗೆರೆ ಬಿತ್ತು. “ತಾತ, ನನ್ನ ಜೀನ್ಸ್ ನಿಂತ್ಕೊಂಡಿದೆ!” ಎಂದು ಮೊಮ್ಮಗಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಅವಳೇ ಒಂದು ಬೆಳಗ್ಗೆ ಜಡೆಯನ್ನು ಅರ್ಧಕ್ಕೆ ಬಿಟ್ಟು ಮತ್ತೆ ಕೂಗಿದಳು. “ತಾತ! ಕೊಳೆ ಬಂತು!”

ಹಿಂದಿನ ಗಾಜಿನಲ್ಲಿ, ತಗ್ಗಿ ಒಂದು ಕೋನದಲ್ಲಿ ನೋಡಿದರೆ, ಎಳೆ ಹಸಿರು. ಎಲ್ಲರೂ ತಗ್ಗಿ ನೋಡಿದರು. ಮಗ ಅಂದು ಆಸ್ಪತ್ರೆಗೆ ತಡವಾಗಿ ಹೋದ.

ಬ್ಯಾಂಡ್ ಮಾಸ್ಟರು ಇನ್ನೂ ಕೆಲವು ದಿನ ಕಾಯಿಸಿದರು. ಮೊಮ್ಮಗಳು ಕಳಿಸಿದ ಚಿತ್ರ ನೋಡಿ “ಇದು ಪಾಚಿನಾ, ನಿಮ್ಮ ಗೋಡೆ ಬಣ್ಣನಾ?” ಎಂದರು. ಕೊನೆಗೆ, ಹಸಿರು ಯಾವ ಕೋನದಿಂದಲೂ ಕಾಣುವಂತಾದಾಗ, ಒಂದು ಜಾಮ್ ಬಾಟಲಿಯ ತುಂಬ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಹಿಡಿದವಳು ಸೊಸೆ. ತಾತ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಒಂದು ಹನಿ ಚೆಲ್ಲಲಿಲ್ಲ.

ಮನೆಗೆ ತಂದು, ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಬಾಟಲಿಗೆ ಬೆರೆಸಿ, ಸಂಜೆ ಹೊತ್ತಿಗೆ ನಿಧಾನವಾಗಿ ಬಗ್ಗಿಸಿದರು. ಕೆಂಪು ಚುಕ್ಕೆಗಳು ಒಂದು ಸಲ ಚಿಮ್ಮಿ ಕಲ್ಲುಗಳ ಸಂದಿಯಲ್ಲಿ ಮಾಯವಾದವು. ಬಗ್ಗಿಸುವಾಗ ಹೊರಗಡೆ ಗಾಜಿಗೆ ನೀರು ಸುರಿದು ಹರಿಯುತ್ತಿತ್ತು. ತಾತನ ಕೈ ತಾನಾಗಿ ಹೆಗಲ ಮೇಲಿನ ಬಟ್ಟೆಗೆ ಹೋಯಿತು.

“ಮಾವ!”

“ಹೊರಗಡೆದು ಕಣಮ್ಮ. ಹೊರಗಡೆ ಒರೆಸಬಹುದು ತಾನೆ?”

“ಇಲ್ಲಿ ಕೊಡಿ,” ಎಂದು ಸೊಸೆ ಬಟ್ಟೆ ಕಿತ್ತುಕೊಂಡಳು. “ಹೊರಗಡೆ ನನ್ನದು. ನೀವು ಬ್ರೆಡ್ಡು ಹೆಚ್ಚಿ, ಎಲ್ಲರಿಗೂ ಹಸಿವಾಗಿದೆ.”

“ಒಂದೇ ನೀರು ಸಾಕಾ?”

“ಒಂದೂ ಬೇಡ.”

ತಾತ ಚಾಕು ಎತ್ತಿಕೊಂಡರು. ಎರಡು ತುಂಡು ಹೆಚ್ಚಿ ಮೂರನೆಯದಕ್ಕೆ ಚಾಕು ಇಟ್ಟಾಗ, ಕಲ್ಲಿನ ಹಿಂದಿನಿಂದ ಒಂದು ಸಿಗಡಿ ಹೊರಗೆ ಬಂತು. ಆ ಕಡೆ ಈ ಕಡೆ ಮೀಸೆ ಆಡಿಸಿತು. ಹಿಂದಿನ ಗಾಜನ್ನು ಹತ್ತಿ, ಪುಟ್ಟ ಕೈಗಳನ್ನು ಒಂದಾದಮೇಲೊಂದು ಬಾಯಿಗೊಯ್ಯುತ್ತ, ಅವಸರವಿಲ್ಲದೆ ಮೇಲಕ್ಕೆ ಹೊರಟಿತು. ಅದು ಹೋದ ದಾರಿಯಲ್ಲಿ, ಆ ಎಳೆ ಹಸಿರಿನ ನಡುವೆ, ಒಂದು ನೂಲೆಳೆಯಷ್ಟು ಗಾಜು ಶುಭ್ರವಾಗಿ ಹೊಳೆಯಿತು.